ಪಚಕುತಿ ಎಂದರೆ ಯುಗಚಕ್ರವೇ? 500 ವರ್ಷದ ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬೊಲಿವಿಯಾದ ಮೂಲನಿವಾಸಿಗಳ ಚಳವಳಿ ಕುರಿತ ಉದ್ದನೆಯ ಲೇಖನವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಪಚಕುಟಿ’ ಎಂಬ ಪದ ಹತ್ತಾರು ಕಡೆ ಬರುತ್ತದೆ. “ಇದು ಆಂಡೀಸ್ ಜನರ ಯುಗಚಕ್ರ. 500 ವರ್ಷಕ್ಕೊಮ್ಮೆ ಲೋಕ ಹೊಸದಾಗುತ್ತದೆ. 2005ರಲ್ಲಿ ಮೂಲನಿವಾಸಿ ನಾಯಕ ಇವೊ ಮೊರಾಲೆಸ್ ಬೊಲಿವಿಯಾದ ಅಧ್ಯಕ್ಷ ಚುನಾವಣೆ ಗೆದ್ದದ್ದು ಆ ಭವಿಷ್ಯವಾಣಿ ಫಲಿಸಿದ್ದು” ಎಂದು ಅಡಿಟಿಪ್ಪಣಿ ಬರೆದೆ. ಕರಡು ಓದಿದ ಸಹೋದ್ಯೋಗಿಯೊಬ್ಬರು, “ಇದು ರಾಜಕಾರಣಿಗಳು ಈಚೆಗೆ ಕಟ್ಟಿದ ಕತೆ, ತೆಗೆದುಬಿಡಿ” ಎಂದರು. ಯಾರ ಮಾತು ಸರಿ? ಆ ಪದಕ್ಕೆ ಕನ್ನಡದಲ್ಲಿ ಏನೆಂದು ಬರೆಯಲಿ, ‘ಯುಗಾಂತರ’ ಎಂದೋ ‘ಕ್ರಾಂತಿ’ ಎಂದೋ? ಬೊಲಿವಿಯಾ ಸರ್ಕಾರ 5,500 ದಾಟಿದ ವರ್ಷಸಂಖ್ಯೆ ಬಳಸುತ್ತದಂತೆ, ಅದನ್ನು ನಂಬಬಹುದೇ?

ಉತ್ತರ: ನಿಮ್ಮ ಅಡಿಟಿಪ್ಪಣಿಯಲ್ಲಿ ಮೂರು ಮಾತುಗಳಿವೆ. ಮೊದಲನೆಯದು ಅರ್ಧ ಸರಿ. ಎರಡನೆಯದು 17ನೇ ಶತಮಾನದ ಒಬ್ಬ ಸ್ಪ್ಯಾನಿಷ್ ಪಾದ್ರಿಯ ಲೆಕ್ಕ. ಮೂರನೆಯದು ಗೆದ್ದವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಹಾಗೆಂದು ನಿಮ್ಮ ಸಹೋದ್ಯೋಗಿ ಹೇಳಿದ್ದೂ ನಿಲ್ಲುವುದಿಲ್ಲ. ಪದ 1551ರಲ್ಲೇ ಬರಹಕ್ಕೆ ಬಂದಿದೆ. ಅದನ್ನು ಯಾವ ಪಕ್ಷವೂ ಹುಟ್ಟಿಸಲಿಲ್ಲ. ಹೊಸದಾಗಿ ಸೇರಿದ್ದು ಅದರ ತಾರೀಕು.

ಮೊದಲು ಕಾಗುಣಿತ ಸರಿಮಾಡಿಕೊಳ್ಳಿ. ಆಂಡೀಸ್ ಸೀಮೆಯ ಕೆಚುವಾ, ಅಯ್ಮಾರಾ ಭಾಷೆಗಳಲ್ಲಿ ಈ ಪದದ ಧ್ವನಿ ನಮ್ಮ ‘ತ’ಕ್ಕೆ ಹತ್ತಿರ, ‘ಟ’ ಅಲ್ಲ. ‘ಪಚಕುಟಿ’ ಎಂದು ಬರೆದರೆ ಕನ್ನಡದ ಓದುಗರ ಕಣ್ಣಿಗೆ ಗುಡಿಸಲು ಬರುತ್ತದೆ. ‘ಪಚಕುತಿ’ ಎಂದೇ ಬರೆಯಿರಿ.

‘ಪಚ’ ಎಂದರೆ ನೆಲ, ಲೋಕ. ಕಾಲ ಎಂದೂ ಅರ್ಥ. ಪಚಮಾಮ ಎಂಬ ಭೂತಾಯಿಯ ಹೆಸರಿನಲ್ಲಿರುವುದು ಇದೇ ಪಚ. ‘ಕುತಿ’ ಎಂದರೆ ಮರಳುವುದು, ತಿರುಗುವುದು, ಮಗುಚುವುದು. ದಿನಬಳಕೆಯಲ್ಲಿ ಅದು ನಮ್ಮ ‘ಸಲ’ ಇದ್ದಂತೆ: ಕೆಚುವಾದಲ್ಲಿ ‘ಇಸ್ಕೈ ಕುತಿ’ ಅಂದರೆ ಎರಡು ಸಲ. ಇಡೀ ಪದವನ್ನು ಹಿಡಿಯಲು ಕಾವಲಿಯ ಮೇಲಿನ ದೋಸೆ ನೆನೆಸಿಕೊಳ್ಳಿ. ಮಗುಚಿದಾಗ ಅದೇ ದೋಸೆ, ಆದರೆ ಕೆಳಗಿದ್ದ ಮೈ ಮೇಲೆ ಬರುತ್ತದೆ, ಮೇಲಿದ್ದದ್ದು ಕಾವಿಗೆ ಬೀಳುತ್ತದೆ. ಹೊಸ ದೋಸೆ ಹುಯ್ದರೆ ಅದು ಕುತಿ ಅಲ್ಲ. ಮಗುಚುವಾಗ ಹರಿಯಲೂಬಹುದು. ಈ ಕೊನೆಯ ಮಾತೇ ರಾಜಕೀಯ ಬಳಕೆಯಲ್ಲಿ ಸದ್ದಿಲ್ಲದೆ ಉದುರಿಹೋಗುವುದು.

ಹಳೆಯ ನಿಘಂಟುಗಳನ್ನು ತೆರೆದರೆ ‘ನವೀಕರಣ’ ಎಂಬ ಅರ್ಥ ಸಿಗುವುದೇ ಇಲ್ಲ. 1608ರ ಗೊನ್ಸಾಲೆಸ್ ಓಲ್ಗಿನ್‌ನ ಕೆಚುವಾ ನಿಘಂಟಿನಲ್ಲಿ ಈ ಪದಕ್ಕೆ ಕೊಟ್ಟಿರುವುದು ಲೋಕದ ಕೊನೆ, ಮಹಾನಾಶ, ಪಿಡುಗು, ಎಲ್ಲರಿಗೂ ತಟ್ಟುವ ಹಾನಿ. 1612ರಲ್ಲಿ ತಿತಿಕಾಕಾ ಸರೋವರದ ದಂಡೆಯ ಹುಲಿ (Juli) ಎಂಬ ಊರಿನಲ್ಲಿ ಬೆರ್ತೋನಿಯೊ ಮುಗಿಸಿದ ಅಯ್ಮಾರಾ ನಿಘಂಟು ‘ಯುದ್ಧಕಾಲ’ ಎನ್ನುತ್ತದೆ. ಸರಿಸುಮಾರು ಅದೇ ಹೊತ್ತಿಗೆ ತನ್ನ ದೊಡ್ಡ ಚಿತ್ರಗ್ರಂಥವನ್ನು ಮುಗಿಸುತ್ತಿದ್ದ ಗ್ವಮನ್ ಪೋಮ ಎಂಬ ಆಂಡೀಸ್ ಲೇಖಕ ಭೂಕಂಪ, ಪಿಡುಗುಗಳಂಥ ದೈವಶಿಕ್ಷೆಗಳ ಮಾತಿಗೆ ಈ ಪದ ತರುತ್ತಾನೆ. ಅವನ ಕಾಲದವರಿಗೆ ಅದು ಪುರಾಣದ ಮಾತಾಗಿರಲಿಲ್ಲ. 1600ರ ಫೆಬ್ರುವರಿಯಲ್ಲಿ ವಾಯ್ನಪುತಿನ ಜ್ವಾಲಾಮುಖಿ ಸಿಡಿದು ಅರೆಕಿಪಾ ಸೀಮೆ ಬೂದಿಯಡಿ ಹೂತಿತ್ತು.

ಇಲ್ಲೊಂದು ಎಚ್ಚರ. ಓಲ್ಗಿನ್, ಬೆರ್ತೋನಿಯೊ ಇಬ್ಬರೂ ಜೆಸ್ವಿಟ್ ಪಾದ್ರಿಗಳು. ಕ್ರೈಸ್ತರ ಅಂತಿಮ ತೀರ್ಪಿನ ದಿನವನ್ನು ಸ್ಥಳೀಯ ಭಾಷೆಯಲ್ಲಿ ಬೋಧಿಸಲು ಅವರಿಗೊಂದು ಪದ ಬೇಕಿತ್ತು. ಆದ್ದರಿಂದ ಆ ನಿಘಂಟುಗಳ ಕತ್ತಲೆಯಲ್ಲಿ ಒಂದಿಷ್ಟು ಪಾದ್ರಿಗಳದ್ದೇ. ಇಂಕಾಗಳಿಗೆ ಅಕ್ಷರ ಲಿಪಿ ಇರಲಿಲ್ಲ. ಕಿಪು ಎಂಬ ಗಂಟುದಾರಗಳಿದ್ದವು. ಸ್ಪ್ಯಾನಿಷರು ದಾಳಿಯಿಟ್ಟ 1532ಕ್ಕೆ ಮೊದಲು ಈ ಪದ ಯಾವ ಬಾಯಲ್ಲಿ ಯಾವ ಅರ್ಥ ಪಡೆದಿತ್ತು ಎಂದು ತೋರಿಸುವ ಬರಹ ಇಲ್ಲ. ‘ಇಂಕಾಗಳ ಪ್ರಾಚೀನ ಸಿದ್ಧಾಂತದ ಪ್ರಕಾರ’ ಎಂದು ಶುರುವಾಗುವ ವಾಕ್ಯ ಎಲ್ಲಿ ಕಂಡರೂ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಪದಕ್ಕೆ ಬೆಳಕಿನ ಮುಖವೂ ಇತ್ತು ಎನ್ನಲು ಗಟ್ಟಿ ಆಧಾರ ರಾಜನ ಹೆಸರು. ಒಂಬತ್ತನೆಯ ಇಂಕಾ ದೊರೆಯ ಮೊದಲ ಹೆಸರು ಕುಸಿ ಯುಪಾಂಕಿ. ಚಾಂಕಾ ಎಂಬ ಜನರ ದಂಡು ಇಂಕಾ ರಾಜಧಾನಿ ಕುಸ್ಕೊಗೆ ಮುತ್ತಿದಾಗ ಅಪ್ಪ ಊರು ಬಿಟ್ಟ, ಮಗ ನಿಂತು ಗೆದ್ದ, ಆಮೇಲೆ ಪಚಕುತಿ ಎಂಬ ಹೆಸರು ತೊಟ್ಟ ಎಂಬುದು ಕತೆ. 1551ರಲ್ಲಿ ಅದನ್ನು ಬರೆದಿಟ್ಟ ಸ್ಪ್ಯಾನಿಷ್ ಲೇಖಕ ಬೆತಾನ್ಸೊಸ್ ಆ ಬಿರುದನ್ನು ‘ಕಾಲದ ತಿರುಗು’ ಎಂದು ಅನುವಾದಿಸಿದ್ದಾನೆ. ಈ ರಾಜನ ಆಳ್ವಿಕೆಗೆ ಪಠ್ಯಪುಸ್ತಕಗಳು ಕೊಡುವ 1438–1471 ಕೂಡ ನಂತರದ ವೃತ್ತಾಂತಗಳಿಂದ ಹೆಕ್ಕಿದ ಅಂದಾಜು. ಅವನೇ ಕಟ್ಟಿಸಿದನೆನ್ನುವ ಮಾಚು ಪಿಚುವಿನ ಮೂಳೆಗಳ ಕಾರ್ಬನ್ ಪರೀಕ್ಷೆ ಅಲ್ಲಿ ಸುಮಾರು 1420ರಿಂದಲೇ ಜನವಾಸವಿತ್ತೆಂದು ತೋರಿಸಿದೆ. ಆ ‘ತಿರುಗು’ ಕುಸ್ಕೊಗೆ ಸಾಮ್ರಾಜ್ಯ ತಂದಿತು. ಸೋತ ಚಾಂಕಾಗಳ ಪಾಲಿಗೆ ಅದೇ ನಿಘಂಟಿನ ಮೊದಲ ಅರ್ಥ.

ಈಗ 500 ವರ್ಷದ ವಿಷಯ. ಇದನ್ನು ಬಿಡಿಸಿಕೊಂಡರೆ ಉಳಿದದ್ದು ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಾವಿರ ವರ್ಷಕ್ಕೊಂದು ‘ಸೂರ್ಯ’, ಅದರ ಅರ್ಧಕ್ಕೊಂದು ಪಚಕುತಿ ಎಂಬ ಅಚ್ಚುಕಟ್ಟಾದ ಲೆಕ್ಕ ಬರುವುದು ಫೆರ್ನಾಂದೊ ದೆ ಮೊಂತೆಸಿನೊಸ್ ಎಂಬ ಪಾದ್ರಿ 1640ರ ದಶಕದಲ್ಲಿ ಬರೆದ ವೃತ್ತಾಂತದಲ್ಲಿ. ಇಂಕಾಗಳಿಗೂ ಹಿಂದಿನ ಹತ್ತಾರು ರಾಜರ ಉದ್ದನೆಯ ಪಟ್ಟಿ ಕೊಟ್ಟು, ಅದನ್ನು ಬೈಬಲ್ಲಿನ ಜಲಪ್ರಳಯದ ಕಾಲಕ್ಕೆ ಹೊಂದಿಸಲು ಹೊರಟವನು ಅವನು. ಹಾಗಾಗಿಯೇ ಇತಿಹಾಸಕಾರರು ಅವನನ್ನು ಅನುಮಾನ ಇಟ್ಟುಕೊಂಡೇ ಓದುತ್ತಾರೆ. ಗ್ವಮನ್ ಪೋಮನೂ ಯುಗಗಳನ್ನು ಹೇಳುತ್ತಾನೆ: ವಾರಿ ವಿರಕೊಚ ರುನ, ವಾರಿ ರುನ, ಪುರುನ್ ರುನ, ಔಕ ರುನ, ಆಮೇಲೆ ಇಂಕಾ. ಅವನ ಯುಗಗಳು ಒಂದೊಂದೂ ಒಂದೊಂದು ಉದ್ದ. 500ರ ಅಳತೆಗೋಲು ಅವನಲ್ಲಿಲ್ಲ.

ಹಾಗಾದರೆ ಇವತ್ತು ಎಲ್ಲರ ಬಾಯಲ್ಲೂ 500 ಯಾಕೆ? ಕೊಲಂಬಸ್ ಇಳಿದು 500 ವರ್ಷ ತುಂಬಿದ್ದು 1992ರಲ್ಲಿ. ಸ್ಪೇನ್ ಹಬ್ಬ ಮಾಡಲು ಹೊರಟಾಗ ಅಮೆರಿಕಾ ಖಂಡದ ಮೂಲನಿವಾಸಿ ಸಂಘಟನೆಗಳು ‘500 ವರ್ಷಗಳ ಪ್ರತಿರೋಧ’ ಎಂದು ಎದುರು ನಿಂತವು. ಮೂಲೆಯಲ್ಲಿದ್ದ ಮೊಂತೆಸಿನೊಸ್‌ನ ಸಂಖ್ಯೆ ಆ ಹೊತ್ತಿಗೆ ಸರಿಯಾಗಿ ಕೂತಿತು. ಸುಮ್ಮನೆ ಎಣಿಸಿ ನೋಡಿ. ಕೊಲಂಬಸ್ ಆಂಡೀಸ್ ಕಡೆ ತಲೆ ಹಾಕಿದವನೇ ಅಲ್ಲ. ಪೆರುವಿನ ಕಹಾಮಾರ್ಕಾದಲ್ಲಿ ಸ್ಪೇನಿನ ದಂಡನಾಯಕ ಪಿಸಾರೊ ಇಂಕಾ ದೊರೆ ಅತಾವಾಲ್ಪನನ್ನು ಸೆರೆಹಿಡಿದದ್ದು 1532ರ ನವೆಂಬರ್ 16ರಂದು. ಅಲ್ಲಿಂದ ಎಣಿಸಿದರೆ ಪಚಕುತಿ 2032ಕ್ಕೆ ಬೀಳುತ್ತದೆ. ಯಾವ ಚುನಾವಣೆಗೂ ಹೊಂದುವುದಿಲ್ಲ.

ನೀವು ಕೇಳಿದ 5,500ರ ಪಂಚಾಂಗವೂ ಇದೇ ಗೂಟಕ್ಕೆ ಕಟ್ಟಿದ್ದು. ಜೂನ್ 21ರ ಅಯ್ಮಾರಾ ಹೊಸವರ್ಷ ‘ವಿಲ್ಕಕುತಿ’, ಅಂದರೆ ಸೂರ್ಯ ಮರಳುವುದು. ಅಲ್ಲಿ ಅದು ಚಳಿಗಾಲದ ಅತಿ ಮೋಟು ಹಗಲು. 2009ರಲ್ಲಿ ಬೊಲಿವಿಯಾ ಅದನ್ನು ರಾಷ್ಟ್ರೀಯ ರಜೆ ಮಾಡಿತು. ಸಾವಿರ ವರ್ಷದ ಐದು ಸೂರ್ಯಗಳು 1492ಕ್ಕೆ ಮುಗಿದವು ಎಂದು ಇಟ್ಟುಕೊಂಡು, ಅಲ್ಲಿಂದ ಮುಂದಿನದನ್ನು ಕೂಡಿಸುತ್ತಾರೆ. ನಿಮಗೆ ಬೇಕಾದರೆ ಸುಲಭದ ದಾರಿ: ಕ್ರಿಸ್ತಶಕ ವರ್ಷಕ್ಕೆ 3,508 ಸೇರಿಸಿ. 2009ಕ್ಕೆ 5,517, 2026ಕ್ಕೆ 5,534. ಈ ಹಬ್ಬ ನಡೆಯುವ ಬೊಲಿವಿಯಾದ ಪಾಳುನಗರ ತಿವನಾಕುವಿನಲ್ಲಿ ಪ್ರಬಲ ರಾಜ್ಯವಿದ್ದ ಕಾಲ ಸುಮಾರು ಕ್ರಿ.ಶ. 500ರಿಂದ 1000, ಐದು ಸಾವಿರಕ್ಕೆ ಉತ್ಖನನದ ಆಧಾರ ಏನೂ ಇಲ್ಲ. ವಸಾಹತುಶಾಹಿಗೆ ಎದುರಾಗಿ ಕಟ್ಟಿದ ಪಂಚಾಂಗ ಕೊಲಂಬಸ್ಸನ ಹಡಗಿಗೇ ಲಂಗರು ಹಾಕಿ ನಿಂತಿದೆ! ಹಾಗೆಂದು ತಿವನಾಕುವಿನಲ್ಲಿ ಹೆಪ್ಪುಗಟ್ಟುವ ಚಳಿಯಲ್ಲಿ ಅಂಗೈ ಎತ್ತಿ ಮೊದಲ ಬಿಸಿಲಿಗೆ ಕಾಯುವವರ ಭಕ್ತಿ ಸುಳ್ಳು ಎಂದಲ್ಲ. ಆಚರಣೆ ಇಂದಿನದು, ಜೀವಂತ. ವರ್ಷಸಂಖ್ಯೆ 20ನೇ ಶತಮಾನದ ಕಟ್ಟಡ. ಎರಡನ್ನೂ ಹೇಳಿ.

ಯುಗಕ್ಕೆ ಹೋಲಿಸುವುದರಲ್ಲಿ ಇರುವ ತೊಡಕು ಬೇರೆ. ನಮ್ಮ ಕೃತ, ತ್ರೇತಾ, ದ್ವಾಪರ, ಕಲಿಗಳಿಗೆ ಕ್ರಮ ಗೊತ್ತು, ಉದ್ದ ಗೊತ್ತು (ಕಲಿಗೆ 4,32,000 ವರ್ಷ), ಇಳಿಮುಖವೆಂಬುದೂ ಗೊತ್ತು. ಮನುಷ್ಯರು ಏನು ಮಾಡಿದರೂ ತಾರೀಕು ಹಿಂದೆಮುಂದೆ ಆಗದು. ಪಚಕುತಿಯಲ್ಲಿ ಮೇಲು-ಕೆಳಗು ಅದಲುಬದಲಾಗುತ್ತದೆ. ಅದು ಯಾವಾಗ, ಯಾರಿಂದ ಎಂಬುದು ತೆರೆದೇ ಇರುತ್ತದೆ. ಹೋಲಿಸಲೇಬೇಕಿದ್ದರೆ ಯುಗಕ್ಕಿಂತ ನಮ್ಮ ಕಾಲಜ್ಞಾನಗಳು ಹತ್ತಿರ. ವೀರವಸಂತರಾಯ ಬಂದು ಆಳುತ್ತಾನೆ ಎನ್ನುವ ಕನ್ನಡ ಕಾಲಜ್ಞಾನದ ನಿರೀಕ್ಷೆಯನ್ನು, 1950ರ ದಶಕದಲ್ಲಿ ಪೆರುವಿನ ಕೆರೊ ಮತ್ತು ಪುಕಿಯೊಗಳಲ್ಲಿ ಸಂಗ್ರಹಿಸಿದ ‘ಇಂಕರಿ’ ಕತೆಯ ಪಕ್ಕ ಇಟ್ಟು ನೋಡಬಹುದು. ಪುಕಿಯೊದ ಕತೆಯಲ್ಲಿ ಕಡಿದ ಇಂಕಾನ ತಲೆಯಿಂದ ಮಣ್ಣಿನಡಿ ಮೈ ಬೆಳೆಯುತ್ತಿದೆ. ಪೂರ್ತಿ ಬೆಳೆದ ದಿನ ಅವನು ಮರಳುತ್ತಾನೆ.

ಇನ್ನೊಂದು ಸೂಕ್ಷ್ಮ ಅನುವಾದಕರಿಗೇ ಸೇರಿದ್ದು. ಅಯ್ಮಾರಾದಲ್ಲಿ ‘ನಯ್ರ’ ಎಂದರೆ ಕಣ್ಣು, ಮುಂಭಾಗ, ಜೊತೆಗೆ ಕಳೆದ ಕಾಲ. ‘ಖಿಪ’ ಎಂದರೆ ಬೆನ್ನ ಹಿಂದೆ, ಬರಲಿರುವ ಕಾಲ. ಕಂಡದ್ದು ಕಣ್ಣೆದುರಿಗಿದೆ, ಕಾಣದ್ದು ಬೆನ್ನ ಹಿಂದಿದೆ. ಚಳವಳಿಯ ಬರಹಗಳಲ್ಲಿ ಬರುವ ‘ಪೂರ್ವಿಕರ ಕಾಲಕ್ಕೆ ಮರಳೋಣ’ ಎಂಬಂಥ ಮಾತು ಕನ್ನಡದಲ್ಲಿ ಹಿಂದಡಿ ಇಟ್ಟಂತೆ ಕೇಳಿದರೆ ಅರ್ಥ ಕೆಟ್ಟಿತು. ಅಲ್ಲಿ ಅದು ಎದುರಿಗೆ ಕಾಣುವುದರ ಕಡೆಗೆ ನಡೆಯುವುದು. ನಮಗೂ ಇದು ಪೂರಾ ಹೊಸದಲ್ಲ. ‘ಮುಂದೆ’ ಬರುವುದು ಭವಿಷ್ಯವಾದರೂ ‘ಮುಂಚೆ’, ‘ಮುನ್ನ’ ಎಂದಾಗ ಅದೇ ‘ಮುನ್’ ಕಳೆದದ್ದನ್ನು ತೋರಿಸುತ್ತದೆ.

ರಾಜಕೀಯ ಬಳಕೆ 1992ರಲ್ಲಿ ದಿಢೀರನೆ ಹುಟ್ಟಿದ್ದಲ್ಲ. 1560ರ ದಶಕದಲ್ಲೇ ಪೆರುವಿನ ಆಯಕುಚೊ ಸೀಮೆಯಲ್ಲಿ ‘ತಕಿ ಒಂಕೊಯ್’ ಎಂಬ ಕುಣಿತದ ಚಳವಳಿ ಎದ್ದಿತ್ತು. ಪಿಸಾರೊ ಬಂದಾಗ ಸ್ಪ್ಯಾನಿಷರ ದೇವರು ನಮ್ಮ ವಾಕಾ ದೈವಗಳನ್ನು ಸೋಲಿಸಿದ, ಈಗ ಲೋಕ ತಿರುಗುತ್ತಿದೆ, ಈ ಸಲ ಸೋಲುವವನು ಅವನು ಎಂಬುದು ಅವರ ನಂಬಿಕೆ. 1781ರಲ್ಲಿ ಅಯ್ಮಾರಾ ಬಂಡಾಯಗಾರ ತುಪಾಕ್ ಕತಾರಿ ಇಂದಿನ ಬೊಲಿವಿಯಾದ ಲಾ ಪಾಸ್ ನಗರಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ; ನವೆಂಬರಿನಲ್ಲಿ ಅವನನ್ನು ಸೀಳಿ ಕೊಂದರು. “ಮರಳಿ ಬರುತ್ತೇನೆ, ಲಕ್ಷೋಪಲಕ್ಷವಾಗಿ” ಎಂದು ಅವನು ಸಾಯುವಾಗ ಹೇಳಿದನೆಂದು ನಿಮ್ಮ ಮೂಲ ಲೇಖನದಲ್ಲೂ ಇರಬಹುದು. ಆ ಕಾಲದ ದಾಖಲೆಗಳಲ್ಲಿ ಆ ಮಾತಿಲ್ಲ. ‘ಹೇಳಿದನೆಂದು ಪ್ರತೀತಿ’ ಎಂದು ಬರೆಯಿರಿ. 1970ರ ದಶಕದಲ್ಲಿ ಲಾ ಪಾಸ್‌ನಲ್ಲಿ ಓದಿದ ಅಯ್ಮಾರಾ ಯುವಕರು ಕತಾರಿಯ ಹೆಸರಲ್ಲೇ ಸಂಘಟಿತರಾದರು. 1973ರ ತಿವನಾಕು ಪ್ರಣಾಳಿಕೆ ಆ ಕಾಲದ್ದು.

ಪದ ಪಕ್ಷವಾದದ್ದು ಎರಡು ದೇಶಗಳಲ್ಲಿ. ಅವೆರಡನ್ನು ಒಂದಾಗಿಸಿ ಬರೆಯುವುದು ನಾನು ಹೆಚ್ಚಾಗಿ ಕಾಣುವ ತಪ್ಪು.

ಈಕ್ವೆಡಾರ್‌ನಲ್ಲಿ ‘ಪಚಕುತಿಕ್’ 1995ರಲ್ಲಿ ಹುಟ್ಟಿತು. ಕೊನೆಯ ‘ಕ್’ ಮುಖ್ಯ. ಅದು ಕರ್ತೃಪ್ರತ್ಯಯ, ‘ಲೋಕ ಮಗುಚುವವನು’ ಎಂದು ಅರ್ಥ. ಪೆರುವಿನ ಕೆಚುವಾದಲ್ಲಿ ರಾಜನ ಹೆಸರನ್ನೂ ಹೀಗೆಯೇ ಕರ್ತೃರೂಪದಲ್ಲಿ ಬರೆಯುವುದುಂಟು. ಮೂಲನಿವಾಸಿಗಳ ಒಕ್ಕೂಟ ಕೊನೈಯೆ ಇದರ ಬೆನ್ನಿಗಿತ್ತು. 1996ರ ಮೊದಲ ಚುನಾವಣೆಯಲ್ಲೇ 8 ಸ್ಥಾನ ಬಂತು. 2002ರಲ್ಲಿ ಮಾಜಿ ಸೇನಾಧಿಕಾರಿ ಲೂಸಿಯೊ ಗುತಿಯೆರ್ರೆಸ್ ಜೊತೆ ಕೈಜೋಡಿಸಿ ಸರ್ಕಾರ ಸೇರಿತು: ನೀನ ಪಕಾರಿ ವಿದೇಶಾಂಗ ಸಚಿವೆ, ಲೂಯಿಸ್ ಮಕಾಸ್ ಕೃಷಿ ಸಚಿವ. ಅಧ್ಯಕ್ಷರು ಐಎಂಎಫ್ ಕಡೆ ವಾಲಿದರು. 2003ರ ಜನವರಿಯಲ್ಲಿ ಅಧಿಕಾರ, ಆಗಸ್ಟಿನಲ್ಲಿ ಹೊರಗೆ. ಆ ಏಳು ತಿಂಗಳ ಪೆಟ್ಟು ಗಾಯವಾಗಿ ಉಳಿಯಿತು; 2006ರ ಅಧ್ಯಕ್ಷ ಚುನಾವಣೆಯಲ್ಲಿ ಮಕಾಸ್‌ಗೆ ಸಿಕ್ಕಿದ್ದು ಶೇ 2ರ ಆಸುಪಾಸು. ಪಕ್ಷ ಸೋತರೂ ಅದರ ಮಾತು ಗೆದ್ದಿತು. 2008ರ ಸಂವಿಧಾನಕ್ಕೆ ‘ಬಹುರಾಷ್ಟ್ರೀಯ’ ಎಂಬ ಪದವೂ, ‘ಸುಮಾಕ್ ಕಾವ್ಸಾಯ್’ ಎಂಬ ತುಂಬುಬಾಳಿನ ಕಲ್ಪನೆಯೂ, 71ನೇ ವಿಧಿಯಿಂದ ಪ್ರಕೃತಿಯ ಹಕ್ಕುಗಳೂ ಬಂದವು. 2021ರಲ್ಲಿ ಅಭ್ಯರ್ಥಿ ಯಾಕು ಪೆರೆಸ್ ಶೇ 19 ದಾಟಿ ಎರಡನೇ ಸುತ್ತನ್ನು ಕೂದಲೆಳೆಯಲ್ಲಿ ಕಳೆದುಕೊಂಡರು. ಶಾಸನಸಭೆಯ 137ರಲ್ಲಿ 27 ಸ್ಥಾನ. ಸ್ವಲ್ಪ ಹೊತ್ತಿನಲ್ಲೇ ಅವರೂ ಪಕ್ಷ ಬಿಟ್ಟರು.

ಬೊಲಿವಿಯಾದಲ್ಲಿ ‘ಪಚಕುತಿ ಮೂಲನಿವಾಸಿ ಚಳವಳಿ’ ಎಂಬ ಹೆಸರಿನ ಪಕ್ಷ ಕಟ್ಟಿದವರು ಇವೊ ಅಲ್ಲ, ಅವರ ಎದುರಾಳಿ ಫೆಲಿಪೆ ಕಿಸ್ಪೆ. 2000ದಲ್ಲಿ ಅಯ್ಮಾರಾ ರೈತರ ರಸ್ತೆತಡೆ ನಡೆಸಿ ಲಾ ಪಾಸ್‌ಗೆ ಹೋಗುವ ದಾರಿಗಳನ್ನು ಕಟ್ಟಿದವರು. 2002ರಲ್ಲಿ ಪಕ್ಷಕ್ಕೆ ಶೇ 6, 2005ರಲ್ಲಿ ಶೇ 2. ಅಲ್ಲಿಗೆ ಕತೆ ಮುಗಿಯಿತು. ಅದೇ 2005ರ ಡಿಸೆಂಬರಿನಲ್ಲಿ ಇವೊ ಶೇ 53.7 ಪಡೆದರು. ಪದ ಕಿಸ್ಪೆಯದು, ಗೆಲುವು ಇವೊದು. ಗೆದ್ದ ಮೇಲೆ ಪದವೂ ಗೆದ್ದವರ ಮನೆ ಸೇರಿತು. 2006ರ ಜನವರಿ 21ರಂದು, ಅಧಿಕೃತ ಪ್ರಮಾಣವಚನಕ್ಕೆ ಒಂದು ದಿನ ಮೊದಲು, ಇವೊ ತಿವನಾಕುವಿನ ಕಲ್ಲುಗಳ ನಡುವೆ ಕೋಲು ಹಿಡಿದು ನಿಂತರು. ಚಿತ್ರ ಜಗತ್ತೆಲ್ಲ ಸುತ್ತಿತು. ಆ ಗೆಲುವಿನ ಹಿಂದಿದ್ದದ್ದು 2000ದ ಕೊಚಬಾಂಬ ನೀರಿನ ಹೋರಾಟ, 2003ರ ಅಕ್ಟೋಬರಿನಲ್ಲಿ ಹತ್ತಾರು ಹೆಣ ಬಿದ್ದ ಅನಿಲ ಹೋರಾಟ, ಹಳೆಯ ಪಕ್ಷಗಳ ದಿವಾಳಿ. ಭವಿಷ್ಯವಾಣಿ ಎಂದು ಬರೆದರೆ ಬೀದಿಗಿಳಿದವರೆಲ್ಲ ನಿಮ್ಮ ಪುಟದಿಂದ ಮಾಯವಾಗುತ್ತಾರೆ. ನಿಮ್ಮ ಅಡಿಟಿಪ್ಪಣಿಯ ದೊಡ್ಡ ಅಪಾಯ ನನಗೆ ಕಂಡದ್ದು ಇಲ್ಲೇ.

ಸರ್ಕಾರದ ಕೈಗೆ ಬಂದ ಮೇಲೆ ಪದಕ್ಕೆ ಏನಾಯಿತು ಎಂಬುದನ್ನು ಆಗಿನ ವಿದೇಶಾಂಗ ಸಚಿವ ದವೀದ್ ಚೊಕೆವಾಂಕ ಅವರ ಎರಡು ಪ್ರಸಂಗ ತೋರಿಸುತ್ತವೆ. ಮಾಯಾ ಪಂಚಾಂಗದ ಹೆಸರಲ್ಲಿ ಲೋಕ ಮುಗಿಯುತ್ತದೆ ಎಂದು ಪುಕಾರಿದ್ದ 2012ರಲ್ಲಿ, ಡಿಸೆಂಬರ್ 21 ಕೋಕಾಕೋಲಾದ ಕೊನೆ, ಒಣ ಪೀಚ್ ಹಣ್ಣಿನ ಪಾನಕ ‘ಮೊಕೊಚಿಂಚಿ’ಯ ಆರಂಭ ಎಂದರು. ಆ ದಿನ ತಿತಿಕಾಕಾದ ಸೂರ್ಯದ್ವೀಪದಲ್ಲಿ ಸಮಾರಂಭವೂ ಆಯಿತು. ಮಾಯಾ ಜನ ಮಧ್ಯ ಅಮೆರಿಕಾದವರು, ಆಂಡೀಸ್‌ಗೂ ಅವರ ಪಂಚಾಂಗಕ್ಕೂ ಸಂಬಂಧವಿಲ್ಲ ಎಂಬುದನ್ನು ಯಾರೂ ಎತ್ತಲಿಲ್ಲವೆಂದಲ್ಲ. ಎತ್ತಿದ್ದು ಯಾರಿಗೂ ಕೇಳಲಿಲ್ಲ. 2014ರಲ್ಲಿ ಲಾ ಪಾಸ್ ಸಂಸತ್ ಕಟ್ಟಡದ ಗಡಿಯಾರದ ಮುಳ್ಳುಗಳು ಎಡಕ್ಕೆ ತಿರುಗತೊಡಗಿದವು, ಅಂಕಿಗಳೂ ಹಿಂದುಮುಂದಾದವು. ಇದಕ್ಕೆ ಭೌತಿಕ ಕಾರಣವಿದೆ: ದಕ್ಷಿಣಾರ್ಧ ಗೋಳದಲ್ಲಿ ನೆರಳುಗಡಿಯಾರದ ನೆರಳು ಸುತ್ತುವುದೇ ಆ ದಿಕ್ಕಿಗೆ. ಕುತಿಯನ್ನು ಕಣ್ಣಿಗೆ ಕಾಣಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು.

ಅದೇ ಸರ್ಕಾರ 2011ರಲ್ಲಿ ತಿಪ್ನಿಸ್ ಕಾಡಿನ ನಡುವೆ ಹೆದ್ದಾರಿ ತೆಗೆಯಲು ಹೊರಟಿತು. ವಿರೋಧಿಸಿ ನಡೆದುಬರುತ್ತಿದ್ದ ಮೂಲನಿವಾಸಿಗಳ ಮೇಲೆ ಸೆಪ್ಟೆಂಬರ್ 25ರಂದು ಪೊಲೀಸರು ಮುಗಿಬಿದ್ದರು. ಪಚಮಾಮಳ ಹೆಸರು ಹೇಳುವ ಸರ್ಕಾರ ಎಂದು ಆಡಿಕೊಳ್ಳಲು ವಿರೋಧಿಗಳಿಗೆ ಅವತ್ತಿನಿಂದ ಬಿಡುವಿಲ್ಲ. 2025ರ ಚುನಾವಣೆಯಲ್ಲಿ, ಇವೊ ಅಂದು ಗೆಲ್ಲಿಸಿದ್ದ ಪಕ್ಷದ ಅಧಿಕೃತ ಅಭ್ಯರ್ಥಿಗೆ ಬಂದದ್ದು ಶೇ 3 ಚಿಲ್ಲರೆ. ನಿಮ್ಮ ಮೂಲ ಲೇಖನ ಯಾವ ವರ್ಷದ್ದು ನೋಡಿಕೊಳ್ಳಿ. 2006ರಲ್ಲಿ ಬರೆದ ‘ಪಚಕುತಿ ಬಂತು’ ಎಂಬ ವಾಕ್ಯಕ್ಕೆ ಇವತ್ತು ತಾರೀಕು ಹಾಕದೆ ಬಿಟ್ಟರೆ ಓದುಗ ದಾರಿ ತಪ್ಪುತ್ತಾನೆ.

ಇನ್ನು ಕನ್ನಡದ ಪದ. ‘ಕ್ರಾಂತಿ’ ಎಂದರೆ ಮನುಷ್ಯರ ಕೆಲಸ ಉಳಿಯುತ್ತದೆ, ಮರಳುವಿಕೆ ಹೋಗುತ್ತದೆ. ಮಾರ್ಕ್ಸ್‌ವಾದಿಗಳ ಜೊತೆ ಕಿಸ್ಪೆ ಥರದವರಿಗಿದ್ದ ಜಗಳವೂ ಮುಚ್ಚಿಹೋಗುತ್ತದೆ. ‘ಪ್ರಳಯ’ ಓಲ್ಗಿನ್‌ನ ನಿಘಂಟಿಗೆ ಹೊಂದುತ್ತದೆ, ಕೊನೈಯೆಯ ಕರಪತ್ರಕ್ಕೆ ಹೊಂದುವುದಿಲ್ಲ. ‘ಯುಗಾಂತರ’, ‘ಮನ್ವಂತರ’ ಬರೆದರೆ ಮೇಲೆ ಹೇಳಿದ ಯುಗದ ಕಟ್ಟು ಇಡಿಯಾಗಿ ಹಿಂದೆಯೇ ಬರುತ್ತದೆ. ‘ಪುನರುತ್ಥಾನ’ ಬೇಡವೇ ಬೇಡ. ಅದಕ್ಕೆ ಚರ್ಚಿನ ವಾಸನೆಯೂ ಇದೆ, ನಮ್ಮ ಇಂದಿನ ರಾಜಕೀಯದ ವಾಸನೆಯೂ ಇದೆ. ಇದ್ದುದರಲ್ಲಿ ‘ಯುಗಪಲ್ಲಟ’ ವಾಸಿ, ಯಾಕೆಂದರೆ ಪಲ್ಲಟದಲ್ಲಿ ಸ್ಥಾನ ಬದಲಾಗುವುದೂ ಇದೆ, ಅದರ ತಳಮಳವೂ ಇದೆ. ಆದರೂ ನನ್ನ ಸಲಹೆ ಪದವನ್ನು ಹಾಗೇ ಉಳಿಸಿಕೊಳ್ಳುವುದು. ಮೊದಲ ಸಲ ಬಂದಾಗ ‘ಲೋಕ ಮಗುಚುವುದು’ ಎಂದು ಬಿಡಿಸಿ, ಮುಂದೆ ಪಚಕುತಿ ಎಂದಷ್ಟೇ ಬಳಸಿ. ಇದರಲ್ಲೂ ತೊಂದರೆ ಇಲ್ಲದಿಲ್ಲ: ಬಿಡಿಸದೆ ಬಿಟ್ಟ ಪರಭಾಷೆಯ ಪದ ಹತ್ತು ಪುಟದಲ್ಲಿ ಮಂತ್ರವಾಗಿಬಿಡುತ್ತದೆ. ಆದ್ದರಿಂದ ಪ್ರತಿ ಅಧ್ಯಾಯದಲ್ಲಿ ಒಮ್ಮೆಯಾದರೂ ಯಾರು, ಯಾವ ವರ್ಷ, ಯಾವ ಅರ್ಥದಲ್ಲಿ ಆಡಿದ್ದು ಎಂದು ವಾಕ್ಯದೊಳಗೇ ಸೂಚಿಸಿ.

ಅಡಿಟಿಪ್ಪಣಿ ಹೀಗಿರಲಿ: “ಪಚಕುತಿ: ಕೆಚುವಾ ಮತ್ತು ಅಯ್ಮಾರಾ ಭಾಷೆಗಳಲ್ಲಿ ಲೋಕ ಅಥವಾ ಕಾಲ ಮಗುಚುವುದು. 17ನೇ ಶತಮಾನದ ನಿಘಂಟುಗಳಲ್ಲಿ ಮಹಾನಾಶ, ಯುದ್ಧಕಾಲ ಎಂಬ ಅರ್ಥ. ಒಂಬತ್ತನೆಯ ಇಂಕಾ ದೊರೆಯ ಬಿರುದೂ ಹೌದು. 500 ವರ್ಷಕ್ಕೊಮ್ಮೆ ಎಂಬ ಲೆಕ್ಕ ಮೊಂತೆಸಿನೊಸ್‌ನದು. 1992ರ ಆಸುಪಾಸಿನಲ್ಲಿ ಚಳವಳಿಗಳಿಂದ ಬಳಕೆಗೆ ಬಂತು. 2005ರ ಗೆಲುವನ್ನು ಇವೊ ಬೆಂಬಲಿಗರು ಈ ಹೆಸರಿನಿಂದ ಕರೆದರು.”

ಪದಸೂಚಿಯಲ್ಲಿ ಘಟನೆ, ರಾಜ, ಕಿಸ್ಪೆಯ ಪಕ್ಷ, ಈಕ್ವೆಡಾರ್‌ನ ಪಕ್ಷ ನಾಲ್ಕಕ್ಕೂ ಬೇರೆ ಬೇರೆ ನಮೂದು ಮಾಡಿ. ಕೊನೆಯದಕ್ಕೆ ‘ಕ್’ ಬಿಡಬೇಡಿ.